ಎರಡು ವರ್ಷದ ಅನುಭವ

ಹೆರಿಗೆ ವಾರ್ಡಿನ ನೆಲ ಪೂರ್ತಿ ಒಣಗಿದ್ದನ್ನು ದೊಡ್ಡಮ್ಮ ಯಾವತ್ತೂ ನೋಡಿರಲಿಲ್ಲ. ಈ ಮೂಲೆ ಒರೆಸಿ ಆ ಮೂಲೆಗೆ ಹೋಗುವಷ್ಟರಲ್ಲಿ ಈ ಮೂಲೆ ಮತ್ತೆ ಒದ್ದೆ. ನೀರು, ರಕ್ತ, ವಾಂತಿ, ಉಚ್ಚೆ. ಮಗು ಹುಟ್ಟುವುದು ದೇವರ ಕೆಲಸ ಎಂದು ಜನ ಹೇಳುತ್ತಾರೆ. ಹುಟ್ಟಿದ ಮೇಲೆ ಉಳಿಯುವುದನ್ನು ಬಾಚುವುದು ದೊಡ್ಡಮ್ಮನ ಕೆಲಸ. ಮಗುವಿನ ಹಿಂದೆ ಬೀಳುವ ಮಾಸಿನ ಬಕೆಟ್ಟನ್ನು ಎತ್ತಿಕೊಂಡು ಆಸ್ಪತ್ರೆಯ ಹಿಂದಿನ ಗುಂಡಿಯವರೆಗೆ ನಡೆಯಬೇಕು. ಗ್ಲೌಸು ಬಂದರೆ ಬಂತು, ಇಲ್ಲದಿದ್ದರೆ ಬರಿಗೈ. ಫಿನಾಯಿಲಿನಲ್ಲಿ ತೊಯ್ದು ತೊಯ್ದು ಅವಳ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ಹಾಜರಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಯಂತ್ರಕ್ಕೆ ಅವಳ ಗುರುತೇ ಹತ್ತುತ್ತಿರಲಿಲ್ಲ. ಕೆಲಸದವರನ್ನು ನೋಡಿಕೊಳ್ಳುವ ಮೇಸ್ತ್ರಿ ಹಲ್ಲು ಕಿರಿಯುತ್ತಿದ್ದ. ನಿನಗೆ ಹಣೆಬರಹವೂ ಇಲ್ಲ, ಕೈಬರಹವೂ ಇಲ್ಲ ಎನ್ನುತ್ತಿದ್ದ.

ಅವಳ ಹಾಗೆ ಇನ್ನೂ ಐದು ಹೆಂಗಸರಿದ್ದರು. ಆರೂ ಜನ ಗುತ್ತಿಗೆಯವರು. ಗುತ್ತಿಗೆದಾರರು ಬದಲಾದರು. ದೊಡ್ಡ ಡಾಕ್ಟರುಗಳು ಬದಲಾದರು. ಈ ಆರು ಜನ ಮಾತ್ರ ಅಲ್ಲೇ ಬಗ್ಗಿ ಅಲ್ಲೇ ಮುದುಕಿಯರಾಗುತ್ತಿದ್ದರು. ಇವತ್ತಲ್ಲ ನಾಳೆ ಕೆಲಸ ಕಾಯಂ ಆದೀತು ಎಂಬ ಆಸೆಯೊಂದು ಅವರ ಸೊಂಟವನ್ನು ಹಿಡಿದು ನಿಲ್ಲಿಸಿತ್ತು.

ಆ ಕೂಲಿಯಲ್ಲೇ ದೊಡ್ಡಮ್ಮ ತಂಗಿಯ ಮಗಳನ್ನು ಸಾಕಿದಳು. ತಂಗಿ ಜ್ವರದಲ್ಲಿ ಹೋದಾಗ ಹುಡುಗಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಹುಡುಗಿ ಓದಿದಳು. ಬಿ.ಎ. ಪಾಸಾದಳು. ಅವರ ಗಲ್ಲಿಯಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಅವತ್ತಿನಿಂದ ಗಲ್ಲಿಯವರೆಲ್ಲ ಅವಳನ್ನು ಡಿಗ್ರಿ ಎಂದೇ ಕರೆದರು. ಮೊದಮೊದಲು ಹೆಮ್ಮೆಯಿಂದ ಕರೆದರು. ಕೆಲಸ ಸಿಗದೆ ಮನೆಯಲ್ಲಿ ಕೂತ ಮೇಲೆ ಗೇಲಿಯಿಂದ ಕರೆದರು. ಡಿಗ್ರಿ, ನಲ್ಲಿಯಲ್ಲಿ ನೀರು ಬಂತು, ಕೊಡ ತಗೊಂಡು ಬಾ.

ಡಿಗ್ರಿ ಹೋಗದ ಕಚೇರಿಯಿಲ್ಲ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಅನುಭವ ಎಷ್ಟಿದೆ? ಕೆಲಸವೇ ಕೊಡದವರಿಗೆ ಅನುಭವ ಎಲ್ಲಿಂದ ತರುವುದು? ಈಜು ಕಲಿಯುವ ತನಕ ನೀರಿಗೆ ಇಳಿಯಬೇಡ ಅಂದ ಹಾಗಿತ್ತು. ದೊಡ್ಡಮ್ಮ ಮಾತ್ರ ದಿನಾ ತಟ್ಟೆ ತುಂಬ ಅನ್ನ ಹಾಕುತ್ತಿದ್ದಳು. ಡಿಗ್ರಿ ಅರ್ಧ ಬಿಟ್ಟು ಏಳುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯ ಗೇಟಿಗೆ ಒಂದು ಪ್ರಕಟಣೆ ಅಂಟಿಸಿದರು. ವಾರ್ಡ್ ಸಹಾಯಕರ ಕಾಯಂ ಹುದ್ದೆ. ಆರು ಹೆಂಗಸರೂ ಅದರ ಮುಂದೆ ನಿಂತರು. ಓದಲು ಬರುತ್ತಿದ್ದವಳು ಉದ್ದಕ್ಕ ಒಬ್ಬಳೇ. ಎತ್ತರದ ಹೆಂಗಸು, ಹತ್ತನೇ ಕ್ಲಾಸು ಪಾಸು ಮಾಡಿದ್ದಳು. ಆದರೆ ಕನ್ನಡಕ ಒಡೆದುಹೋಗಿತ್ತು. ದೊಡ್ಡಮ್ಮ ಮನೆಗೆ ಹೇಳಿಕಳಿಸಿ ಡಿಗ್ರಿಯನ್ನು ಕರೆಸಿದಳು.

ಡಿಗ್ರಿ ಗಟ್ಟಿಯಾಗಿ ಓದಿದಳು. ಹತ್ತನೇ ತರಗತಿ ಪಾಸಾಗಿರಬೇಕು. ವಯಸ್ಸು ಮೂವತ್ತೈದು ಮೀರಿರಬಾರದು. ಆಸ್ಪತ್ರೆಯ ಸ್ವಚ್ಛತಾ ಕೆಲಸದಲ್ಲಿ ಎರಡು ವರ್ಷ ಅನುಭವ ಇರಬೇಕು. ಒಂದೊಂದು ಸಾಲಿಗೂ ಒಬ್ಬೊಬ್ಬಳ ಮುಖ ಬಿದ್ದುಹೋಯಿತು. ಅನುಭವ ಎಲ್ಲರ ಹತ್ತಿರವೂ ಬೇಕಾದಷ್ಟಿತ್ತು. ಉಳಿದದ್ದು ಯಾರ ಹತ್ತಿರವೂ ಪೂರ್ತಿ ಇರಲಿಲ್ಲ. ಉದ್ದಕ್ಕನಿಗೆ ಓದಿತ್ತು, ವಯಸ್ಸು ಮೀರಿತ್ತು.

ಕೆಳಗೆ ಇನ್ನೊಂದು ಸಾಲಿತ್ತು. ಈ ಹುದ್ದೆಗಳು ಭರ್ತಿಯಾದ ದಿನದಿಂದ ಗುತ್ತಿಗೆ ಕೆಲಸಗಾರರ ಸೇವೆ ರದ್ದಾಗುತ್ತದೆ ಎಂಬ ಸಾಲು. ಡಿಗ್ರಿ ಅದನ್ನು ಕಣ್ಣಲ್ಲಿ ಓದಿದಳು. ಬಾಯಿ ತೆರೆದಳು. ಆ ಹೊತ್ತಿಗೆ ಅವಳ ತಲೆಗೆ ಹುಳು ಹೊಕ್ಕಾಗಿತ್ತು. ಓದು ಇದೆ, ವಯಸ್ಸು ಇದೆ, ಇಲ್ಲದ್ದು ಅನುಭವ ಒಂದೇ.

ಇನ್ನೇನಿದೆ ಎಂದು ದೊಡ್ಡಮ್ಮ ಕೇಳಿದಳು.

"ಇಷ್ಟೇ," ಎಂದಳು ಡಿಗ್ರಿ.

ಆ ಸಾಲು ಗೊತ್ತಾಗಿದ್ದರೆ ಆರು ಹೆಂಗಸರು ಅವತ್ತೇ ಕೆಲಸ ನಿಲ್ಲಿಸಿ ಗೇಟಿನಲ್ಲಿ ಕೂರುತ್ತಿದ್ದರು. ನೇಮಕಾತಿ ನಿಲ್ಲುತ್ತಿತ್ತೋ ಇಲ್ಲವೋ, ತಡವಂತೂ ಆಗುತ್ತಿತ್ತು. ಡಿಗ್ರಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಮುಚ್ಚಿದಳು.

ಅವಳು ಕೇಳುವ ಮೊದಲೇ ದೊಡ್ಡಮ್ಮ ದಾರಿ ಹುಡುಕಿದಳು. ಗುತ್ತಿಗೆದಾರನ ಹತ್ತಿರ ಹೋಗಿ, ನನ್ನ ದುಡಿಮೆಯಲ್ಲಿ ಎರಡು ವರ್ಷ ಕಿತ್ತು ನನ್ನ ತಂಗಿ ಮಗಳ ಹೆಸರಿಗೆ ಬರೆದುಕೊಡಿ ಎಂದಳು. ಊರಿನ ಹುಡುಗರಿಗೆಲ್ಲ ಅನುಭವದ ಪತ್ರ ಮಾರುತ್ತಿದ್ದವನು ಅವನು. ದೊಡ್ಡಮ್ಮನ ಹತ್ತಿರ ಕೊಡುವುದಕ್ಕೆ ಏನಿತ್ತು? ಅವನ ಹೊಸ ಮನೆಯ ನೆಲದಲ್ಲಿ ಸಿಮೆಂಟು, ಬಣ್ಣ ಕಲ್ಲಿನ ಹಾಗೆ ಅಂಟಿಕೊಂಡಿತ್ತು. ಅವಳು ಮೊಣಕಾಲೂರಿ ಬ್ಲೇಡಿನಿಂದ ಕೆರೆದು ಕೆರೆದು ಮೂರು ಅಂತಸ್ತು ತೊಳೆದುಕೊಟ್ಟಳು. ಮೊಣಕಾಲು ಊದಿ ಕುಂಬಳಕಾಯಿಯಾಯಿತು. ಪತ್ರ ಕೈಗೆ ಬಂದ ದಿನ ಅವಳು ನಕ್ಕಳು.

"ನನ್ನ ಅನುಭವ ಯಾರಿಗೂ ಬೇಡವಂತೆ. ನಿನಗಾದ್ರೂ ಆಗ್ಲಿ ಕಣೇ. ಸುಮ್ನೆ ಕೊಳೆಯೋದಕ್ಕಿಂತ ವಾಸಿ."

ಡಿಗ್ರಿಗೆ ಕೆಲಸ ಸಿಕ್ಕಿತು. ದೊಡ್ಡಮ್ಮ ಗಲ್ಲಿಯ ಒಂದೊಂದು ಬಾಗಿಲಿಗೂ ಹೋಗಿ ಹೇಳಿ ಬಂದಳು. ಡಿಗ್ರಿ ಕೆಲಸಕ್ಕೆ ಸೇರಿದ ದಿನವೇ ಮೇಸ್ತ್ರಿ ಆರೂ ಹೆಂಗಸರನ್ನು ಕರೆದು ನಾಳೆಯಿಂದ ಬರಬೇಡಿ ಎಂದ. ಯಾಕೆ ಎಂದು ಕೇಳಿದ್ದಕ್ಕೆ ಗೇಟಿನ ಕಡೆ ಕೈ ತೋರಿಸಿದ. ಅಂಟಿಸಿದ್ದೆವಲ್ಲ, ನೋಡಲಿಲ್ಲವಾ?

ಮನೆಗೆ ಬಂದ ದೊಡ್ಡಮ್ಮ ಹೊಸ್ತಿಲ ಮೇಲೆ ಕೂತಳು. ನಿನಗೇನಾದರೂ ಇದು ಗೊತ್ತಿತ್ತೇನೇ ಎಂದು ಕೇಳಿದಳು. ಇಲ್ಲ ಎಂದಳು ಡಿಗ್ರಿ. ಅಷ್ಟು ಸಲೀಸಾಗಿ ಬಂತು ಆ ಸುಳ್ಳು. ದೊಡ್ಡಮ್ಮ ನಂಬಿದಳು. ಹೋಗಲಿ ಬಿಡು, ಮನೆಯಲ್ಲಿ ಒಬ್ಬರಿಗಾದರೂ ಸಿಕ್ಕಿತಲ್ಲ ಎಂದು ಎದ್ದು ಒಲೆ ಹಚ್ಚಿದಳು. ಅವಳ ಆ ನಂಬಿಕೆ ಡಿಗ್ರಿಯ ಎದೆಗೆ ಕೆಂಡದ ಹಾಗೆ ಬಿತ್ತು.

ಕೆಲಸದ ಮೊದಲ ವಾರ ಡಿಗ್ರಿ ಹೆರಿಗೆ ವಾರ್ಡಿನಲ್ಲಿ ದಿನಕ್ಕೆರಡು ಸಲ ವಾಂತಿ ಮಾಡಿದಳು. ಮಾಸಿನ ಬಕೆಟ್ ಹಿಡಿದು ನಡೆಯುವಾಗ ಕಾಲು ಜಾರಿ ಕಾರಿಡಾರಿನ ಮಧ್ಯೆ ಚೆಲ್ಲಿದಳು. ಹೊಸದಾಗಿ ಸೇರಿದ ಉಳಿದವರ ಕಥೆಯೂ ಅಷ್ಟೇ. ಅವರಲ್ಲಿ ಅರ್ಧ ಜನ ಕಾಯಿಲೆ ರಜೆ ಹಾಕಿದರು. ವಾರ್ಡು ನಾರತೊಡಗಿತು. ಮೇಸ್ತ್ರಿ ಡಿಗ್ರಿಯನ್ನು ಪಕ್ಕಕ್ಕೆ ಕರೆದ. ನೀನು ಓದಿದವಳು, ಚೀಟಿ ಬರೆಯುವ ಕೌಂಟರಿನಲ್ಲಿ ಕೂತುಕೋ, ನಿನ್ನ ದೊಡ್ಡಮ್ಮ ನಿನ್ನ ಕೋಟು ಹಾಕಿಕೊಂಡು ವಾರ್ಡು ನೋಡಿಕೊಳ್ಳಲಿ, ಸಂಬಳದಲ್ಲಿ ಅವಳಿಗೆ ಒಂದಿಷ್ಟು ಕೊಡು, ನನಗೂ ಒಂದಿಷ್ಟು ಕೊಡು ಎಂದ. ಬೇಡ ಎನ್ನಬೇಕಿತ್ತು. ಡಿಗ್ರಿ ಮನೆಗೆ ಬಂದು ಮೇಸ್ತ್ರಿ ಅಂದದ್ದನ್ನೇ ಹೇಳಿದಳು. ದೊಡ್ಡಮ್ಮನ ಮುಖ ಅರಳಿತು.

"ನೀನು ಕಕ್ಕಿಕೊಂಡು ಸಾಯೋದ್ಯಾಕೆ? ನಾನಿದ್ದೀನಲ್ಲ."

ಹೀಗೆ ದೊಡ್ಡಮ್ಮ ಡಿಗ್ರಿಯ ಹೆಸರಿನ ನೀಲಿ ಕೋಟು ತೊಟ್ಟು ಮತ್ತೆ ಅದೇ ನೆಲಕ್ಕೆ ಬಗ್ಗಿದಳು. ಕೆಲಸ ವಾಪಸ್ ಕೊಡಿ ಎಂದು ಗೇಟಿನ ಹೊರಗೆ ಅವಳ ಜೊತೆಯ ಐವರು ನಿಂತಿರುತ್ತಿದ್ದರು. ಅವರನ್ನು ದಾಟಿ ಒಳಗೆ ಹೋಗಬೇಕು. ಉದ್ದಕ್ಕ ಒಂದು ದಿನ ಅವಳ ಕಾಲ ಹತ್ತಿರ ಉಗಿದಳು. ದೊಡ್ಡಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಕೌಂಟರಿನ ಕಿಟಕಿಯಿಂದ ಡಿಗ್ರಿ ನೋಡಿದ್ದಳು. ಅವಳ ಕಾಲು ಫ್ಯಾನಿನ ಕೆಳಗೆ ತಣ್ಣಗಿತ್ತು. ಮೇಜಿನ ಮೇಲೆ ಟೀ ಇತ್ತು. ಟೀ ಆರಿಹೋಯಿತು. ಅವಳು ಅದನ್ನು ಕುಡಿಯಲೂ ಇಲ್ಲ, ಕಿಟಕಿ ಬಿಟ್ಟು ಏಳಲೂ ಇಲ್ಲ.

ಒಂದು ದಿನ ಮೇಲಿನಿಂದ ಅಧಿಕಾರಿಯೊಬ್ಬ ತಪಾಸಣೆಗೆ ಬಂದ. ಹಿಂದೆ ದೊಡ್ಡ ಡಾಕ್ಟರು, ಅವರ ಹಿಂದೆ ಮೇಸ್ತ್ರಿ. ಕಾರಿಡಾರಿನಲ್ಲಿ ದೊಡ್ಡಮ್ಮ ಒರೆಸುತ್ತಿದ್ದಳು. ಅಧಿಕಾರಿ ಅವಳ ಕೋಟಿನ ಮೇಲಿನ ಬಿಲ್ಲೆ ಓದಿದ. ಮೂವತ್ತೈದು ಯಾವತ್ತೋ ದಾಟಿದ ಮುಖ ನೋಡಿದ. ನೀನು ಯಾರು ಎಂದ. ದೊಡ್ಡಮ್ಮ ಬಿಲ್ಲೆಯ ಮೇಲೆ ಕೈ ಇಟ್ಟಳು. ಮೇಸ್ತ್ರಿಯ ನಾಲಿಗೆಗೆ ಮೂಳೆ ಎಲ್ಲಿತ್ತು? ಈ ಮುದುಕಿ ಹಳೆಯ ಗುತ್ತಿಗೆಯವಳು ಸಾರ್, ಕೋಟು ಕದ್ದು ಒಳಗೆ ಬಂದಿದ್ದಾಳೆ ಎಂದುಬಿಟ್ಟ. ಬಿಲ್ಲೆಯ ಮೇಲಿದ್ದ ಹೆಸರು ಯಾರದು ಎಂದು ಅಧಿಕಾರಿ ಕೇಳಿದ. ಕೌಂಟರಿನಿಂದ ಡಿಗ್ರಿಯನ್ನು ಕರೆಸಿದರು.

ಜನ ಸುತ್ತ ನೆರೆದರು. ಹೊಟ್ಟೆ ಹೊತ್ತ ಹೆಂಗಸರು, ಅವರ ಗಂಡಂದಿರು, ನರ್ಸುಗಳು. ಮಧ್ಯೆ ದೊಡ್ಡಮ್ಮ, ಕೈಯಲ್ಲಿ ಮಾಪು, ಕಾಲ ಕೆಳಗೆ ಕೊಳೆ ನೀರು.

"ಈ ಹೆಂಗಸು ನಿನಗೆ ಗೊತ್ತಾ?" ಎಂದ ಅಧಿಕಾರಿ.

ಮೇಸ್ತ್ರಿ ಹಿಂದಿನಿಂದ ಕಣ್ಣು ಬಿಟ್ಟ. ಡಿಗ್ರಿ ನೆಲ ನೋಡಿದಳು.

"ಗೊತ್ತಿಲ್ಲ ಸಾರ್."

ಕೋಟು ಬಿಚ್ಚು ಎಂದರು. ದೊಡ್ಡಮ್ಮ ಗುಂಡಿಗೆ ಕೈ ಹಾಕಿದಳು. ಸ್ಪರ್ಶ ಸತ್ತ ಬೆರಳಿಗೆ ಗುಂಡಿ ಸಿಗಲಿಲ್ಲ. ಕಾವಲುಗಾರ ಮುಂದೆ ಬಂದು ಕಿತ್ತ. ಎರಡು ಗುಂಡಿ ನೀರಿಗೆ ಬಿದ್ದವು. ಒಳಗೆ ಕಂಕುಳ ಹತ್ತಿರ ಹರಿದ ರವಿಕೆ. ನೆರೆದ ಜನರೆಲ್ಲ ಅದನ್ನು ನೋಡಿದರು. ದೊಡ್ಡಮ್ಮ ಸೆರಗು ಎಳೆದುಕೊಂಡಳು, ಮಾಪನ್ನು ಗೋಡೆಗೆ ಒರಗಿಸಿದಳು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಅಧಿಕಾರಿ ಡಿಗ್ರಿಗೆ, ನಿನ್ನ ವಸ್ತುಗಳ ಮೇಲೆ ನಿಗಾ ಇರಲಮ್ಮ ಎಂದು ಬುದ್ಧಿ ಹೇಳಿ ಮುಂದೆ ಹೋದ.

ಸಂಜೆ ಮನೆಗೆ ಹೋದರೆ ತಟ್ಟೆಯಲ್ಲಿ ಅನ್ನ ಬಡಿಸಿಟ್ಟಿತ್ತು. ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ದೊಡ್ಡಮ್ಮ ಹರಿದ ರವಿಕೆಗೆ ಹೊಲಿಗೆ ಹಾಕುತ್ತ ಕೂತಿದ್ದಳು. ದಾರ ಪೋಣಿಸಿಕೊಡು ಎಂದು ಕೂಡ ಕೇಳಲಿಲ್ಲ. ಡಿಗ್ರಿ ತಿಂದಳು. ತಿನ್ನಲು ಸಾಧ್ಯವಾಯಿತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ದೊಡ್ಡಮ್ಮ ಗೇಟಿನ ಹೊರಗಿದ್ದ ಐವರ ಹತ್ತಿರ ಹೋದಳು. ಏನು ಮಾತಾಡಿಕೊಂಡರೋ. ಉದ್ದಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು ಮಾತ್ರ ಕೌಂಟರಿಗೆ ಕಂಡಿತು. ಐವರೂ ಆಗಲೇ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಿದ್ದರು. ದೊಡ್ಡಮ್ಮನೂ ಹೆಬ್ಬೆಟ್ಟು ಒತ್ತಿದಳು.

ವಿಚಾರಣೆಯ ಕೋಣೆ ಚಿಕ್ಕದು. ಗೋಡೆಗೆ ಒರಗಿ ಆರು ಹೆಂಗಸರು ನಿಂತಿದ್ದರು. ಕುರ್ಚಿಗಳು ಖಾಲಿಯಿದ್ದವು, ಕೂರಿ ಎಂದು ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ವಕೀಲ, ನಿಯಮದ ಪ್ರಕಾರ ಅರ್ಹತೆ ಮೊದಲು, ಅನುಭವ ಆಮೇಲೆ ಎಂದ. ಈ ಹೆಂಗಸರಿಗೆ ಅರ್ಹತೆಯೇ ಇಲ್ಲ, ಹೊಸಬರಿಗೆ ಎರಡೂ ಇದೆ ಎಂದ. ಅದನ್ನು ತೋರಿಸಲು ಹೊಸಬರಲ್ಲಿ ಮೂವರನ್ನು ಕರೆತಂದಿದ್ದ. ಮೂವರಲ್ಲಿ ಡಿಗ್ರಿಯೂ ಒಬ್ಬಳು. ಹೌದು ಎಂಬ ಒಂದೇ ಮಾತು ಹೇಳಿ ಬಾ ಎಂದು ಮೇಸ್ತ್ರಿ ದಾರಿಯುದ್ದಕ್ಕೂ ಪಾಠ ಮಾಡಿದ್ದ.

ಮೊದಲನೆಯ ಹುಡುಗ ಹೌದು ಎಂದ. ಅವನ ಕೈ ಹೂವಿನ ಹಾಗಿತ್ತು. ಎರಡನೆಯವಳು ಹೌದು ಎಂದಳು.

ಕಾರ್ಮಿಕ ಅಧಿಕಾರಿ ಪತ್ರ ನೋಡುತ್ತ ಕೇಳಿದರು. "ಹೆರಿಗೆ ವಾರ್ಡಲ್ಲಿ ಎರಡು ವರ್ಷ ಕೆಲಸ ಮಾಡಿದ್ದೀಯಮ್ಮ. ಹೌದಾ?"

ಡಿಗ್ರಿ ಬಾಯಿ ತೆರೆದಳು. ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯ ಹತ್ತಿರ ದೊಡ್ಡಮ್ಮ ಊದಿದ ಮೊಣಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕಿ ನಿಂತಳು. ಅಷ್ಟೇ ಮಾಡಿದ್ದು ಅವಳು.

"ಇಲ್ಲ," ಎಂದಳು ಡಿಗ್ರಿ. "ಮಾಡಿಲ್ಲ. ಒಂದು ದಿನವೂ ಮಾಡಿಲ್ಲ. ಆ ಎರಡು ವರ್ಷ ನಮ್ಮ ದೊಡ್ಡಮ್ಮಂದು. ಅಲ್ಲಿ ನಿಂತಿದ್ದಾರಲ್ಲ, ಅವರೇ. ಕೆಲಸ ಸಿಕ್ಕಿದ ಮೇಲೂ ಮೊದಲ ವಾರ ಬಿಟ್ಟರೆ ಅವರೇ ಮಾಡಿದ್ದು. ನನ್ನ ಕೋಟು ಅವರು ಕದ್ದಿಲ್ಲ. ನಾನೇ ಹಾಕಿ ಕಳಿಸಿದ್ದು."

ವಕೀಲ ಎದ್ದ. ಮೇಸ್ತ್ರಿ ಕೆಮ್ಮಿದ. ಡಿಗ್ರಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗುತ್ತಿಗೆದಾರ ಪತ್ರ ಹೇಗೆ ಕೊಟ್ಟ, ಮೇಸ್ತ್ರಿ ಸಂಬಳದಲ್ಲಿ ಪಾಲು ಹೇಗೆ ತೆಗೆದುಕೊಂಡ, ಎಲ್ಲ ಹೇಳಿದಳು. ಕೊನೆಗೆ ಯಾರೂ ಕೇಳದೇ ಇದ್ದದ್ದನ್ನೂ ಹೇಳಿದಳು. ಗೇಟಿನಲ್ಲಿ ಪ್ರಕಟಣೆ ಓದಿದವಳು ನಾನೇ, ಗುತ್ತಿಗೆ ರದ್ದಾಗುವ ಸಾಲನ್ನು ಬೇಕೆಂದೇ ನುಂಗಿದೆ ಎಂದಳು.

ದೊಡ್ಡಮ್ಮ ತಲೆ ಎತ್ತಿ ಅವಳನ್ನು ನೋಡಿದಳು. ಕೋಟು ಕಿತ್ತಾಗಲೂ ಅವಳ ಮುಖ ಹಾಗೆ ಆಗಿರಲಿಲ್ಲ.

ಅಧಿಕಾರಿ ಹೆಂಗಸರ ಕಡೆ ತಿರುಗಿ, ಪತ್ರಗಳು ಸುಳ್ಳಾದರೆ ಹೊಸಬರ ಮೇಲೆ ಕ್ರಮ ಆಗುತ್ತದೆ, ಆದರೆ ನಿಮಗೆ ಅರ್ಹತೆ ಇಲ್ಲ ಎಂಬುದು ಹಾಗೇ ಉಳಿಯುತ್ತದಲ್ಲ ಎಂದರು. ದೊಡ್ಡಮ್ಮ ಗೋಡೆ ಬಿಟ್ಟು ಮುಂದೆ ಬಂದಳು.

"ಅರ್ಹತೆ ಇಲ್ಲದೋಳ ಕೈಲಿ ಇಷ್ಟು ವರ್ಷ ರಕ್ತ ಯಾಕೆ ತೊಳೆಸಿದ್ರಿ ಸಾರ್? ಅವತ್ತು ಹತ್ತನೇ ಕ್ಲಾಸು ಕೇಳಲಿಲ್ಲ. ಸಂಬಳ ಕೊಡೋ ಹೊತ್ತಿಗೆ ಕೇಳ್ತೀರಿ."

ಅಧಿಕಾರಿಯ ಹತ್ತಿರ ಇದ್ದದ್ದು ಮುಂದಿನ ತಾರೀಕು. ಅದನ್ನು ಕೊಟ್ಟರು.

ಹೊರಗೆ ಮೆಟ್ಟಿಲ ಹತ್ತಿರ ಡಿಗ್ರಿ ದೊಡ್ಡಮ್ಮನ ಮುಂದೆ ಹೋಗಿ ನಿಂತಳು. ಕಾಲಿಗೆ ಬೀಳಲು ಬಗ್ಗಿದಳು. ದೊಡ್ಡಮ್ಮ ಹಿಂದೆ ಸರಿದಳು.

"ಕಾರಿಡಾರಲ್ಲಿ ಗೊತ್ತಿಲ್ಲ ಅಂದೆ. ನೀನು ಹೆದರಿಕೊಂಡೆ ಅಂದ್ಕೊಂಡೆ ನಾನು. ಹೆದರಿದೋರನ್ನ ಏನು ಅನ್ನೋದು? ಆದ್ರೆ ಅವತ್ತು ಗೇಟಿನ ಹತ್ರ ನಿನಗೆ ಯಾರ ಹೆದರಿಕೆ ಇತ್ತು?"

ಡಿಗ್ರಿ ಅತ್ತಳು.

"ಅಳಬೇಡ. ನಿಜ ಹೇಳಿದ್ದು ನಿನ್ನ ಎದೆ ಉರಿ ಆರಿಸಿಕೊಳ್ಳೋಕೆ. ನನ್ನ ಹೊಟ್ಟೆ ತುಂಬೋಕಲ್ಲ."

ಅಷ್ಟು ಹೇಳಿ ಅವಳು ಐವರ ಜೊತೆ ನಡೆದುಹೋದಳು. ಕುಂಟುತ್ತಿದ್ದಳು. ಉದ್ದಕ್ಕ ಅವಳ ರಟ್ಟೆ ಹಿಡಿದುಕೊಂಡಿದ್ದಳು.

ಡಿಗ್ರಿಯನ್ನು ಕೆಲಸದಿಂದ ತೆಗೆದರು. ಇನ್ನು ಮುಂದೆ ಯಾವ ಸರ್ಕಾರಿ ಹುದ್ದೆಗೂ ಅರ್ಜಿ ಹಾಕಬಾರದು ಎಂದು ಬರೆದುಕೊಟ್ಟರು. ಉಳಿದ ಪತ್ರಗಳನ್ನೂ ಪರಿಶೀಲಿಸುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಹೊಸಬರಲ್ಲಿ ಬಹಳ ಜನ ತಾವಾಗಿಯೇ ಜಾಗ ಖಾಲಿ ಮಾಡಿದರು. ಗುತ್ತಿಗೆದಾರನಿಗೆ ನೋಟಿಸು ಹೋಯಿತು. ಅವನು ಹೆಂಡತಿಯ ಹೆಸರಿನಲ್ಲಿ ಬೇರೆ ಆಸ್ಪತ್ರೆಯ ಗುತ್ತಿಗೆ ಹಿಡಿದ. ಮೇಸ್ತ್ರಿಯನ್ನು ಬೇರೆ ವಾರ್ಡಿಗೆ ಹಾಕಿದರು. ಅವನಿಗೆ ಆದದ್ದು ಅಷ್ಟೇ.

ವಾರ್ಡುಗಳು ಗಬ್ಬೆದ್ದವು. ಬಾಣಂತಿಯರು ಮೂಗು ಮುಚ್ಚಿಕೊಂಡು ಮಲಗಿದರು. ಆಸ್ಪತ್ರೆಯವರು ಆರು ಹೆಂಗಸರಿಗೆ ದಿನಗೂಲಿಗೆ ಬನ್ನಿ ಎಂದು ಹೇಳಿಕಳಿಸಿದರು. ಅವರು ಹೋಗಲಿಲ್ಲ. ಹುದ್ದೆ ಕೊಟ್ಟರೆ ಬರುತ್ತೇವೆ ಎಂದು ಗೇಟಿನ ಮುಂದೆ ಬಿಸಿಲಿನಲ್ಲಿ ಕೂತರು. ದೊಡ್ಡ ಡಾಕ್ಟರೇ ಹೊರಗೆ ಬಂದು, ಒಳಗೆ ಹಸುಗೂಸುಗಳಿವೆ, ನಿಮಗೆ ಮನುಷ್ಯತ್ವ ಇಲ್ಲವಾ ಎಂದು ಕೇಳಿದರು. ಇದೆ ಡಾಕ್ಟ್ರೇ, ಅದಕ್ಕೂ ಸರ್ಟಿಫಿಕೇಟು ಬೇಕಾ ಎಂದಳು ಉದ್ದಕ್ಕ.

ಹಿಂದಿನ ಗೇಟಿನಿಂದ ಬಂದು ಗುಡಿಸಿಕೊಡು, ಕೂಲಿ ಕೊಡುತ್ತೇವೆ ಎಂದು ಡಿಗ್ರಿಗೂ ಕರೆ ಬಂತು. ಮನೆಯಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು. ಗೇಟಿನಲ್ಲಿ ಕೂತವರು ಒಳಗೆ ಹೋಗುವ ತನಕ ನಾನು ಬರಲ್ಲ ಎಂದಳು. ದೊಡ್ಡಮ್ಮನಿಗೆ ಅದನ್ನು ಹೇಳಿಕೊಳ್ಳಲಿಲ್ಲ. ಹೇಳಿದ್ದರೆ ಅದೂ ಲಾಭ ಮಾಡಿಕೊಂಡ ಹಾಗಾಗುತ್ತಿತ್ತು.

ಕೊನೆಗೆ ವಿಚಾರಣೆಯ ಆದೇಶ ಬಂತು. ಹಳಬರಿಗೆ ವಯಸ್ಸಿನಲ್ಲಿ ವಿನಾಯಿತಿ ಕೊಟ್ಟಿದ್ದರು. ಓದಿನಲ್ಲಿ ಕೊಟ್ಟಿರಲಿಲ್ಲ. ಉದ್ದಕ್ಕ ಒಬ್ಬಳು ಕಾಯಂ ಆದಳು. ಬಾಕಿ ಐದು ಜನಕ್ಕೆ ಗುತ್ತಿಗೆದಾರನಿಲ್ಲದೆ ಆಸ್ಪತ್ರೆಯಿಂದಲೇ ನೇರ ಕೂಲಿ ಎಂದಾಯಿತು. ಉದ್ದಕ್ಕ ಆದೇಶವನ್ನು ಕೈಯಲ್ಲಿ ಹಿಡಿದು, ಇದು ಬೇಡ ಎಂದು ಹಟ ಹಿಡಿದಳು. ಹುಚ್ಚಿಯ ಹಾಗೆ ಆಡಬೇಡ, ಒಳಗೆ ಒಬ್ಬಳು ಗಟ್ಟಿಯಾಗಿ ನಿಂತರೆ ಉಳಿದವರಿಗೆ ಜಗಳ ಆಡಲು ಒಂದು ಕಾಲು ಸಿಕ್ಕಿತು ಎಂದು ದೊಡ್ಡಮ್ಮನೇ ಗದರಿಸಿ ಒಪ್ಪಿಸಿದಳು. ಓದಿನ ವಿಷಯಕ್ಕೆ ಮೇಲಿನ ಕೋರ್ಟಿಗೆ ಹೋದರು. ಅದು ಇನ್ನೂ ಅಲ್ಲೇ ಇದೆ.

ಕೈ ಸಾಲದೆ ಆಸ್ಪತ್ರೆಯವರು ದಿನಗೂಲಿಗೆ ಇನ್ನಷ್ಟು ಜನರನ್ನು ತೆಗೆದುಕೊಂಡರು. ಡಿಗ್ರಿಯೂ ಹೋಗಿ ಸಾಲಿನಲ್ಲಿ ನಿಂತಳು. ಅವಳ ಓದನ್ನು ಯಾರೂ ಕೇಳಲಿಲ್ಲ. ಅನುಭವವನ್ನೂ ಕೇಳಲಿಲ್ಲ. ಕೂಲಿಗೆ ಅವೆರಡೂ ಬೇಕಾಗಿರಲಿಲ್ಲ. ಗಂಡಸರ ವಾರ್ಡಿನ ಕಕ್ಕಸು ಅವಳ ಪಾಲಿಗೆ ಬಂತು. ಫಿನಾಯಿಲಿಗೆ ಅಂಗೈ ಬಿರಿಯಿತು. ಮನೆಯಲ್ಲಿ ಇಬ್ಬರೂ ಒಂದೇ ಒಲೆಯ ಅನ್ನ ತಿನ್ನುತ್ತಿದ್ದರು. ಮಾತಿರಲಿಲ್ಲ. ಮನೆ ಬಿಟ್ಟು ಹೋಗು ಎಂದು ದೊಡ್ಡಮ್ಮ ಅನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ.

ಹಾಗೇ ತಿಂಗಳುಗಳು ಕಳೆದವು. ಒಂದು ಬೆಳಗ್ಗೆ ಹೆರಿಗೆ ವಾರ್ಡಿನ ಹಾಸಿಗೆಯೊಂದು ಪೂರ್ತಿ ನೆನೆದಿತ್ತು. ಅದನ್ನು ಮೇಲಿನ ಮಾಳಿಗೆಗೆ ಒಯ್ದು ಬಿಸಿಲಿಗೆ ಹಾಕಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಉದ್ದಕ್ಕ ರಜೆಯಲ್ಲಿದ್ದಳು. ದೊಡ್ಡಮ್ಮ ಕಾರಿಡಾರಿಗೆ ಬಂದು ಅತ್ತಿತ್ತ ನೋಡಿದಳು. ಬಕೆಟ್ ಹಿಡಿದು ಹೋಗುತ್ತಿದ್ದ ಡಿಗ್ರಿಯೊಬ್ಬಳೇ ಕಣ್ಣಿಗೆ ಬಿದ್ದಳು.

"ಏಯ್, ಬಾ ಇಲ್ಲಿ. ಆ ಕಡೆ ಹಿಡಿ."

ಯಾರಿಗಾದರೂ ಹೇಳುವ ಹಾಗೆ ಹೇಳಿದಳು. ಡಿಗ್ರಿ ಬಕೆಟ್ ಇಟ್ಟು ಓಡಿ ಬಂದಳು. ಹಾಸಿಗೆ ಹೆಣದಷ್ಟು ಭಾರವಿತ್ತು. ಮೆಟ್ಟಿಲ ಬುಡಕ್ಕೆ ಬಂದಾಗ ಡಿಗ್ರಿ ಮುಂದಿದ್ದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಇಳಿ," ಎಂದಳು ದೊಡ್ಡಮ್ಮ. "ನಾನು ಮೇಲೆ ಹೋಗ್ತೀನಿ. ನೀನು ಕೆಳಗೆ ಹಿಡಿ. ಹತ್ತುವಾಗ ಭಾರವೆಲ್ಲ ಕೆಳಗಿನೋರ ಮೇಲೇ ಬೀಳೋದು. ಗೊತ್ತಾಗ್ಲಿ."

ಡಿಗ್ರಿ ಇಳಿದು ಕೆಳಗೆ ಬಂದಳು. ಹಾಸಿಗೆಯ ಅಡಿಗೆ ಎರಡೂ ಕೈ ಕೊಟ್ಟಳು. ಒಂದೊಂದು ಮೆಟ್ಟಿಲಿಗೂ ಅದರ ಕೆಂಪು ನೀರು ಅವಳ ಮೊಣಕೈಯಿಂದ ಇಳಿದು ಎದೆಗೆ ಸೋರಿತು. ಅರ್ಧ ದಾರಿಯಲ್ಲಿ ತೋಳು ಸೋತು ನಡುಗತೊಡಗಿತು. ಮೇಲಿದ್ದ ದೊಡ್ಡಮ್ಮ ನಿಲ್ಲಲಿಲ್ಲ. ಡಿಗ್ರಿಯೂ ನಿಲ್ಲಿ ಎನ್ನಲಿಲ್ಲ.